ನಮ್ಮ ಮೂಡಿಗೂ ಒಂದು ಲೋಕ ಬೇಕ್ರಿ



ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಓದೋದು ಹೊಟ್ಟೆ ತುಂಬಿದವರ ಚಟ ಅನ್ನೋ ಮಾತು ನಮ್ಮ ಚಳವಳಿಯವರ ನಡುವೆ ಆಗಾಗ ಕೇಳ್ತದ. ನಮ್ಮ ಕೈಯಾಗ ಆತ್ಮಕಥೆ ಇರಬೇಕು, ಇಲ್ಲಾಂದ್ರ ಆಯೋಗದ ವರದಿ ಇರಬೇಕು. ಮುಖಪುಟದ ಮ್ಯಾಲ ಡ್ರ್ಯಾಗನ್ ಕಂಡ್ರ "ಏನಕ್ಕ, ಸಣ್ಣ ಹುಡುಗರ ಪುಸ್ತಕ ಹಿಡಕೊಂಡೀರಿ" ಅಂತ ನಗೋರು ನಮ್ಮವರೇ. ಇದಕ್ಕ ನನ್ನ ತಕರಾರದ. ಇಂಥ ಪುಸ್ತಕ ನಮಗ ಬೇಕು, ಉಳಿದವರಿಗಿಂತ ಒಂದು ಕೈ ಹೆಚ್ಚೇ ಬೇಕು. ಆದ್ರ ಸಿಕ್ಕಿದ್ದು ತಗೊಳ್ಳಬಾರದು. ಆ ದಿನ ಮನಸ್ಸು ಹೆಂಗದ ಅಂತ ನೋಡಿ ತಗೋಬೇಕು.

"ಮೂಡಿಗೆ ತಕ್ಕ ಪುಸ್ತಕ" ಅಂತ ಹೇಳೋರು ಎಣಿಸೋ ಮೂಡುಗಳು ಯಾವವು? ಮಳಿ, ಚಹಾ, ರಜೆ, ಮುರಿದ ಪ್ರೀತಿ. ನಮ್ಮ ಪಟ್ಟಿನೇ ಬ್ಯಾರೆ. ಔರಾದ್ ಕಡೆ ಹಳ್ಳಿಗೆ ಹೋಗಿ, ಹೊಡೆತ ತಿಂದ ಮನಿಯವರ ಹೇಳಿಕೆ ಬರಕೊಂಡು ರಾತ್ರಿ ಬಸ್ಸಿಗೆ ವಾಪಸ್ ಬರೋ ಮೂಡ್. ಎಫ್‌ಐಆರ್ ತಗೊಳ್ಳಲಿಲ್ಲ ಅಂತ ಠಾಣೆ ಮುಂದ ಐದು ತಾಸು ಕೂತ ಮೂಡ್. ಬಾಡಿಗಿ ಮನಿ ಕೇಳಲಿಕ್ಕೆ ಹೋದಾಗ "ನೀವು ಯಾರ ಪೈಕಿ" ಅಂತ ಕೇಳಿಸಿಕೊಂಡ ಮೂಡ್. ಸಂಘಟನೆ ಒಡೆದು ಒಂದು ಬ್ಯಾನರ್ ಎರಡಾದ ಮೂಡ್. ಏಪ್ರಿಲ್ 14ರ ಮೆರವಣಿಗಿ ಮುಗಿದ ಮರುದಿನ, ಡಿಜೆ ಸದ್ದು ನಿಂತ ಮ್ಯಾಲ ಬರೋ ಮೂಡ್ ಅಂತೂ ಯಾವ ಪಟ್ಟಿಯಲ್ಲೂ ಇಲ್ಲ.

ಮೊದಲನೇದಕ್ಕ ಏನು ಓದಬಾರದು ಅಂತ ಹೇಳ್ತೀನಿ. ಆ ರಾತ್ರಿ ಆಕ್ಟೇವಿಯಾ ಬಟ್ಲರ್ ಅವರ 'ಕಿಂಡ್ರೆಡ್' ತಗೀಬ್ಯಾಡ್ರಿ. 1979ರ ಕಾದಂಬರಿ. 1976ರ ಲಾಸ್ ಏಂಜಲೀಸಿನ ಕಪ್ಪು ಹೆಣ್ಣುಮಗಳು ಡೇನಾ ಇದ್ದಕ್ಕಿದ್ದಂಗ ಗುಲಾಮಗಿರಿ ಕಾಲದ ಮೇರಿಲ್ಯಾಂಡಿಗೆ ಹೋಗಿ ಬೀಳ್ತಾಳ. ಹೆಂಗ ಹೋದಳು ಅನ್ನೋದಕ್ಕ ಯಂತ್ರ ಇಲ್ಲ, ವಿವರಣೆ ಇಲ್ಲ. ಅಲ್ಲಿ ಗುಲಾಮರನ್ನು ಇಟ್ಟುಕೊಂಡ ಬಿಳಿಯ ಮಾಲೀಕನ ಮಗನ ಜೀವವನ್ನು ಆಕಿ ಮತ್ತ ಮತ್ತ ಉಳಿಸಬೇಕು. ಯಾಕಂದ್ರ ಅವನು ಆಕಿಯ ಪೂರ್ವಜ. ಅವನು ಬೇಗ ಸತ್ತರೆ ಆಕಿಯ ವಂಶವೇ ಹುಟ್ಟೋದಿಲ್ಲ. ಕಡೇ ಸಲ ವಾಪಸ್ ಬರುವಾಗ ಒಂದು ಕೈ ಕಳಕೊಂಡು ಬರ್ತಾಳ. (ಇದು ಪುಸ್ತಕದ ಆರಂಭದಲ್ಲೇ ಗೊತ್ತಾಗ್ತದ, ಕತಿ ಕೆಡಿಸಿದೆ ಅಂತ ಬೈಬ್ಯಾಡ್ರಿ.) ಹಳ್ಳಿಯಿಂದ ಈಗಷ್ಟೇ ಬಂದವರಿಗೆ ಇನ್ನೊಂದು ಕಾಲಪ್ರಯಾಣ ಯಾಕ ಬೇಕು? ಬೀದರ್ ಬಸ್ ಸ್ಟ್ಯಾಂಡಿನಿಂದ ಒಂದು ತಾಸು ಹೋದ್ರ ಸಾಕು, ಕೆಂಪು ಬಸ್ಸೇ ನೂರು ವರ್ಷ ಹಿಂದ ಇಳಿಸ್ತದ. 'ಕಿಂಡ್ರೆಡ್' ಎತ್ತಿ ಇಡಬೇಕಾದ್ದು ಬ್ಯಾರೆ ದಿನಕ್ಕ: "ಈಗೆಲ್ಲಿ ಅದರೀ ಜಾತಿ" ಅಂತ ಆಫೀಸಿನಾಗ ಯಾರೋ ನಗುತ್ತಾ ಕೇಳಿದ ದಿನಕ್ಕ.

ಹಳ್ಳಿಯಿಂದ ಬಂದ ರಾತ್ರಿಗೆ ತೇಜಸ್ವಿಯವರ 'ಕರ್ವಾಲೊ' ಸರಿ. ಅದು ಸೈನ್ಸ್ ಫಿಕ್ಷನ್ನೇ ಅಲ್ಲ ಅಂತ ಜಗಳ ಆಡೋರು ಆಡ್ರಿ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ನುಗ್ಗೋ ಕತಿ ನನಗ ಸಾಕು. ಅದರಾಗ ಮಂದಣ್ಣ ಅದಾನಲ್ಲ, ಊರವರೆಲ್ಲ ಕೆಲಸಕ್ಕೆ ಬಾರದವ ಅಂತ ಬಿಟ್ಟವನು, ಅವನ ಕಣ್ಣಿಗೆ ಬಿದ್ದಿದ್ದು ಬ್ಯಾರೆ ಯಾರ ಕಣ್ಣಿಗೂ ಬಿದ್ದಿಲ್ಲ. ದೊಡ್ಡ ವಿಜ್ಞಾನಿ ಅವನ ಹಿಂದ ನಡೀತಾನ. ಮನಸ್ಸಿನ ಗಂಟು ನಿಧಾನ ಸಡಿಲ ಆಗ್ತದ, ನಿದ್ದಿ ಬರ್ತದ. ಮರುದಿನ ವರದಿ ಬರೀಬೇಕಲ್ಲ, ನಿದ್ದಿನೂ ಚಳವಳಿಯ ಕೆಲಸವೇ.

ಸಿಟ್ಟು ಬಂದಾಗ? ಸಿಟ್ಟನ್ನು ತಣ್ಣಗ ಮಾಡೋ ಪುಸ್ತಕ ಕೊಡಬ್ಯಾಡ್ರಿ. ಅದಕ್ಕ ಎನ್.ಕೆ. ಜೆಮಿಸಿನ್ ಅದಾರ. 'ದಿ ಫಿಫ್ತ್ ಸೀಸನ್' 2015ರಲ್ಲಿ ಬಂತು. ಆ ಸರಣಿಯ ಮೂರೂ ಪುಸ್ತಕಕ್ಕ 2016, 2017, 2018 ಹೀಗೆ ಸಾಲಾಗಿ ಮೂರು ವರ್ಷ ಹ್ಯೂಗೋ ಪ್ರಶಸ್ತಿ ಸಿಕ್ತು. ಅತ್ಯುತ್ತಮ ಕಾದಂಬರಿಯ ಹ್ಯೂಗೋ ಪಡೆದ ಮೊದಲ ಕಪ್ಪು ಲೇಖಕಿ ಆಕಿ. ಕತಿಯ ಲೋಕದಾಗ ಭೂಮಿ ಮತ್ತ ಮತ್ತ ನಡುಗಿ ಒಡೀತದ. ಅದನ್ನು ತಡೆಯೋ ಶಕ್ತಿ ಕೆಲವರಿಗೆ ಹುಟ್ಟಿನಿಂದ ಇರ್ತದ. ಅವರಿಲ್ಲಾಂದ್ರ ಊರುಗಳು ಉಳಿಯೋದಿಲ್ಲ. ಆದರೂ ಊರವರಿಗೆ ಅವರನ್ನು ಕಂಡ್ರ ಹೇಸಿಗಿ, ಭಯ. ಅವರನ್ನು ಕರೀಲಿಕ್ಕೆ ಒಂದು ಬೈಗುಳ ಅದ. ಸಣ್ಣವರಿದ್ದಾಗಲೇ ಹಿಡಕೊಂಡು ಹೋಗಿ, ಕೈ ಮುರಿದು, ವಿಧೇಯತೆ ಕಲಿಸೋ ಸಂಸ್ಥೆನೂ ಅದ. ಕತಿ ಶುರುವಾಗೋದೇ ಒಬ್ಬ ತಂದೆ ತನ್ನ ಕೂಸಿಗೆ ಆ ಶಕ್ತಿ ಇರೋದು ಗೊತ್ತಾಗಿ ಅದನ್ನು ಹೊಡೆದು ಕೊಂದಲ್ಲಿಂದ.

ಇದನ್ನ ನಮಗ ಯಾರಾದರೂ ಬಿಡಿಸಿ ಹೇಳಬೇಕಾ? ಮ್ಯಾನ್‌ಹೋಲಿಗೆ ಇಳಿಯೋರಿಲ್ಲದೆ ಯಾವ ನಗರ ಒಂದು ವಾರ ಉಳೀತದ? ಇನ್ನೂ ಒಂದದ. ಆ ಲೋಕದಾಗ ಪ್ರತಿಯೊಬ್ಬರ ಹೆಸರಿನ ನಡುವೆ ಅವರು ಯಾವ ಕೆಲಸಕ್ಕೆ ಹುಟ್ಟಿದವರು ಅನ್ನೋ ಗುಂಪಿನ ಹೆಸರು ಸೇರಿರ್ತದ. ಹೆಸರು ಹೇಳಿದ್ರ ಸಾಕು, ಎಲ್ಲಿ ಕೂಡಿಸಬೇಕು ಅಂತ ಗೊತ್ತಾಗ್ತದ. ಅದನ್ನ ಓದುವಾಗ ನನಗ ಹಾಜರಿ ಪುಸ್ತಕ ನೆನಪಾತು. ಈ ಪುಸ್ತಕ ಕರುಣೆ ಕೇಳೋದಿಲ್ಲ. ನಮ್ಮ ಬಗ್ಗೆ ಬಂದ ಎಷ್ಟೋ "ಮಾನವೀಯ" ಕತಿಗಳಿಗಿಂತ ನನಗ ಇದೇ ಹತ್ತಿರ.

ಸಂಘಟನೆ ಒಡೆದಾಗ ಅರ್ಸುಲಾ ಲೆ ಗ್ವಿನ್ ಅವರ 'ದಿ ಡಿಸ್ಪೊಸೆಸ್ಡ್', 1974. ಮಾಲೀಕರಿಲ್ಲದ, ಸರ್ಕಾರ ಇಲ್ಲದ, ಜೈಲಿಲ್ಲದ ಸಮಾಜ ಕಟ್ಟಲಿಕ್ಕೆ ಬಂಡಾಯಗಾರರು ಇಡೀ ಒಂದು ಬರಡು ಚಂದ್ರನಿಗೇ ವಲಸೆ ಹೋಗಿರ್ತಾರ. ಏಳೆಂಟು ತಲೆಮಾರು ಆದ ಮ್ಯಾಲ ಅಲ್ಲೂ ಹೊಟ್ಟೆಕಿಚ್ಚು, ಅಲ್ಲೂ ಗುಂಪುಗಾರಿಕೆ. ಶೆವೆಕ್ ಅನ್ನೋ ಭೌತವಿಜ್ಞಾನಿ ಬರೆದದ್ದರ ಮ್ಯಾಲ ಹಿರಿಯನೊಬ್ಬ ತನ್ನ ಹೆಸರೂ ಸೇರಿಸ್ಕೋತಾನ. ಕರಪತ್ರ ಬರೆದವರು ಒಬ್ಬರು, ಕೆಳಗ ಹೆಸರು ಇನ್ನೊಬ್ಬರದು ಅನ್ನೋದು ಚಂದ್ರನ ಮ್ಯಾಲೂ ತಪ್ಪಿಲ್ಲ ಅಂತ ಓದಿ ನಕ್ಕೆ. 1970ರ ದಶಕದಾಗ ಬಿ. ಕೃಷ್ಣಪ್ಪನವರು ಮುಂದೆ ನಿಂತು ಕಟ್ಟಿದ ದಸಂಸದಾಗ ಇವತ್ತು ಎಷ್ಟು ಬಣ ಅಂತ ನನ್ನ ಕೇಳಬ್ಯಾಡ್ರಿ, ಎಣಿಸಿ ಮುಗಿಯೋದರೊಳಗ ಇನ್ನೊಂದು ಹುಟ್ಟಿರ್ತದ. ಆ ಕಾದಂಬರಿ ಆದರ್ಶವನ್ನು ಗೇಲಿ ಮಾಡೋದಿಲ್ಲ, ಹಂಗಂತ ಕೊಳೆ ಮುಚ್ಚಿಡೋದೂ ಇಲ್ಲ. ರಾಜೀನಾಮೆ ಪತ್ರ ಬರೆಯೋ ಮುಂಚೆ ಓದ್ರಿ.

ನಮ್ಮ ಮನಿಯೊಳಗೇ ಇರೋ ಫ್ಯಾಂಟಸಿ ಮರೀಬ್ಯಾಡ್ರಿ. ದೇವನೂರ ಮಹಾದೇವ ಅವರ 'ಕುಸುಮಬಾಲೆ' 1984ರದು. ಅಲ್ಲಿ ಮಂಚ ಮಾತಾಡ್ತದ, ದೀಪದ ಜೋತಮ್ಮಗಳು ರಾತ್ರಿ ಸೇರಿ ಮನಿ ಮನಿಯ ಸುದ್ದಿ ಹೇಳಿಕೋತಾರ. ಮೇಲ್ಜಾತಿ ಹೆಣ್ಣುಮಗಳನ್ನು ಪ್ರೀತಿಸಿದ ದಲಿತ ಹುಡುಗ ಚನ್ನನ ಕೊಲೆ ಆಗಿರ್ತದ. ಸಾಕ್ಷಿ ಹೇಳಲಿಕ್ಕೆ ಊರಾಗ ಯಾರೂ ಬಾಯಿ ಬಿಡದಿದ್ರ ಮಂಚವೇ ಮಾತಾಡಬೇಕಲ್ಲ! ಸತ್ಯಶೋಧನಾ ವರದಿ ಬರೆದು ಬರೆದು ಶಬ್ದ ಬತ್ತಿ ಹೋದವರಿಗೆ ಇದು. ನಂಜನಗೂಡಿನ ಕಡೆಯ ಕನ್ನಡ ನಮ್ಮ ಬೀದರಿನವರ ನಾಲಿಗಿಗೆ ಮೊದಲು ತಡೀತದ. ಜೋರಾಗಿ ಓದ್ರಿ, ನಾಕು ಪುಟಕ್ಕ ಹಿಡೀತದ.

ಇನ್ನ ಯಾವ ಮೂಡಿಗೂ ಹುಷಾರಾಗಿ ಓದಬೇಕಾದವು ಅದಾವ. ಟಾಲ್ಕಿನ್ ಲೋಕದಾಗ ಕಳೆದುಹೋದ ರಾಜನ ವಂಶಸ್ಥ ಬಂದು ಸಿಂಹಾಸನ ಏರಿದ್ರ ಎಲ್ಲಾ ಸರಿ ಆಗ್ತದ, ಓರ್ಕ್‌ಗಳೊಳಗ ಒಳ್ಳೆಯವನು ಒಬ್ಬನೂ ಕಾಣೋದಿಲ್ಲ. ರಕ್ತವೇ ಹಣೆಬರಹ. 2010ರ 'ದಿ ಇಮ್ಮಾರ್ಟಲ್ಸ್ ಆಫ್ ಮೆಲೂಹಾ' ನೋಡ್ರಿ: ಅಲ್ಲಿ ಮಕ್ಕಳನ್ನೆಲ್ಲ ಒಂದೇ ಕಡೆ ಬೆಳೆಸಿ, ಪರೀಕ್ಷೆ ಇಟ್ಟು, ಅಂಕ ನೋಡಿ ವರ್ಣ ಕೊಡ್ತಾರ. ಹೋದ ಜನ್ಮದ ಪಾಪ ಅಂತ ಕೆಲವರನ್ನು ಮುಟ್ಟದೆ ದೂರ ಇಟ್ಟ ಕಾಯಿದೆಯನ್ನು ನಾಯಕ ತೆಗೆದುಹಾಕ್ತಾನ, ಖರೆ. ಆದ್ರ ನಾಕು ವರ್ಣ ಹಂಗೇ ನಿಂತಾವ, ಈ ಸಲ ಮೆರಿಟ್ ಹೆಸರಿನಾಗ. ಸಾವಿರಾರು ವರ್ಷದ ಹಿಂದಿನ ಲೋಕವನ್ನು ಹೊಸದಾಗಿ ಕಲ್ಪಿಸಲಿಕ್ಕೆ ಕೂತ ಮನುಷ್ಯನಿಗೆ ಜಾತಿ ಇಲ್ಲದ ಊರು ಕಲ್ಪನೆಗೇ ಬರಲಿಲ್ಲ. ಓದಬ್ಯಾಡ್ರಿ ಅಂತ ನಾ ಹೇಳೋದಿಲ್ಲ. ಪೆನ್ಸಿಲ್ ಹಿಡಕೊಂಡು ಓದ್ರಿ, ಜೋತಿಬಾ ಫುಲೆ ಪುರಾಣ ಓದಿದ ಹಂಗ. 1873ರ 'ಗುಲಾಮಗಿರಿ'ಯಲ್ಲಿ ಅವರು ದಶಾವತಾರದ ಕತಿಗಳನ್ನು ತಿರುವಿ ಹಾಕಿ, ರಾಕ್ಷಸ ಅನಿಸಿಕೊಂಡವರ ಕಡೆಯಿಂದ ಹೇಳಿದರು, ಬಲಿರಾಜನನ್ನು ನಮ್ಮವನಾಗಿ ಮಾಡಿದರು. ಆ ಪುಸ್ತಕ ಅರ್ಪಿಸಿದ್ದು ಗುಲಾಮಗಿರಿ ತೊಡೆಯಲಿಕ್ಕೆ ಹೋರಾಡಿದ ಅಮೆರಿಕದ ಜನರಿಗೆ. ಅದಕ್ಕೇ ಬಟ್ಲರ್, ಜೆಮಿಸಿನ್ ನನಗ ಪರದೇಶದವರು ಅನಸೋದಿಲ್ಲ. ಸಂಬಂಧ ಹಳೇದು.

ಇಷ್ಟೆಲ್ಲಾ ಯಾಕ ಬರದೆ ಅಂದ್ರ, ನಮ್ಮ ಹುಡುಗರಿಗೆ ನೋವನ್ನು ಮಾತ್ರ ಬರೀರಿ, ನೋವನ್ನು ಮಾತ್ರ ಓದ್ರಿ ಅಂತ ಹೇಳೋದು ಅವರ ಮ್ಯಾಲ ಹೇರೋ ಇನ್ನೊಂದು ಕಸುಬು. ಇಲ್ಲಿಂದ ಮೂರು ತಾಸಿನ ದಾರಿಯ ಹೈದರಾಬಾದಿನಾಗ, 2016ರ ಜನವರಿಯಲ್ಲಿ ನಾವು ಕಳಕೊಂಡ ರೋಹಿತ್ ವೇಮುಲ ಕಾರ್ಲ್ ಸೇಗನ್ ಥರ ವಿಜ್ಞಾನ ಬರೆಯೋ ಲೇಖಕ ಆಗಬೇಕು ಅಂತಿದ್ದ. ನಕ್ಷತ್ರದ ಕಡೆ ನೋಡ್ತಿದ್ದ ಹುಡುಗ. ಅವನ ಫೋಟೋ ಹಿಡಕೊಂಡು ನಾವು ಎಷ್ಟು ಮೆರವಣಿಗಿ ಮಾಡೀವಿ, ಆ ಆಸೆಯನ್ನು ಎಷ್ಟು ಸಲ ಮಾತಾಡೀವಿ? ದಲಿತ ಲೇಖಕಿ ಮಿಮಿ ಮೊಂಡಲ್, ಬಟ್ಲರ್ ಬಗ್ಗೆ ಜೊತೆಯಾಗಿ ಸಂಪಾದಿಸಿದ ಪುಸ್ತಕಕ್ಕಾಗಿ 2018ರಲ್ಲಿ ಹ್ಯೂಗೋ ಅಂತಿಮ ಪಟ್ಟಿಗೆ ಬಂದಿದ್ದರು. ಇದು ನಮ್ಮ ಎಷ್ಟು ವಾಟ್ಸಾಪ್ ಗುಂಪಿನಾಗ ಬಂತು?

ಇಂಗ್ಲಿಷ್ ಬರೋದಿಲ್ಲ ಅನ್ನೋದು ಖರೆ ತೊಂದರೆ. ಅದಕ್ಕ ಒಂದು ಉಪಾಯ: ಓದಲಿಕ್ಕೆ ಬರೋರು ಒಬ್ಬರು ಓದಿ, ಉಳಿದವರಿಗೆ ವಾರಕ್ಕ ಒಂದು ಅಧ್ಯಾಯ ನಮ್ಮ ಕನ್ನಡದಾಗ ಕತಿ ಹೇಳಬೇಕು. ಭಾನುವಾರ ಸಂಜೆ ಚಿದ್ರಿಯಲ್ಲಿ ನಮ್ಮ ಮನಿ ಮಾಳಿಗಿ ಮ್ಯಾಲ ಶುರು ಮಾಡೋಣ. ನಮ್ಮ ಅಜ್ಜಿಯಂದಿರು ಅಕ್ಷರ ಇಲ್ಲದೆ ಎಷ್ಟು ರಾಕ್ಷಸರನ್ನು, ಎಷ್ಟು ಏಳು ಸಮುದ್ರಗಳನ್ನು ದಾಟಿಸಿಲ್ಲ? ಏರ್‌ಫೋರ್ಸಿನ ವಿಮಾನ ಸದ್ದು ಮಾಡಿದ್ರ ಎರಡು ನಿಮಿಷ ಸುಮ್ಮನಿದ್ದು ಮುಂದುವರಿಸೋಣ.

ಪಿಡಿಎಫ್ ಕೇಳಬ್ಯಾಡ್ರಿ. ಪುಸ್ತಕ ಬೇಕಾದವರು ಬಂದು ಒಯ್ರಿ, ಯಾವ ಮೂಡಿನಾಗ ಅದೀರಿ ಅಂತ ಮೊದಲು ಹೇಳ್ರಿ. 'ಕಿಂಡ್ರೆಡ್' ಸದ್ಯ ಭಾಲ್ಕಿಯ ತಮ್ಮ ಒಬ್ಬನ ಕಡೆ ಅದ, ಅವನು ಇನ್ನೂ ಅರ್ಧದಾಗ ಅದಾನ.