ಮನದ ನೋವಿಗೂ ಔಷಧದಾನ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳು ಶ್ರಾವಕಧರ್ಮದ ಆಧಾರ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಿಂದ ವೇಣೂರಿನ ಬಾಹುಬಲಿಯ ಸನ್ನಿಧಿಯವರೆಗೆ ಈ ಮಾತನ್ನು ಕೇಳದ ಶ್ರಾವಕರಿಲ್ಲ. ಜ್ವರಪೀಡಿತನಿಗೆ ಮದ್ದು ಕೊಡಿಸುವುದನ್ನು ಔಷಧದಾನವೆಂದು ಬಗೆಯುವ ನಾವು, ಮನಸ್ಸು ಕುಸಿದವನನ್ನು ಕಂಡಾಗ ಮಾತ್ರ ‘ಅವನ ಕರ್ಮ’ ಎಂದು ಮುಂದೆ ಸಾಗುತ್ತೇವೆ.

ಕರ್ಮಸಿದ್ಧಾಂತ ಇದನ್ನು ಒಪ್ಪುವುದೇ? ಅಸಾತಾವೇದನೀಯ ಕರ್ಮದ ಉದಯದಿಂದ ಜೀವಕ್ಕೆ ದುಃಖ ಒದಗುವುದು ನಿಜ. ಆದರೆ ಪರರನ್ನು ದುಃಖ, ಶೋಕಗಳಿಗೆ ಗುರಿಮಾಡಿದವನಿಗೂ ಅದೇ ಕರ್ಮದ ಬಂಧ. ಜೀವಿಗಳಲ್ಲಿ ಅನುಕಂಪೆ ಮತ್ತು ದಾನಗಳು ಸಾತಾವೇದನೀಯಕ್ಕೆ ಕಾರಣ ಎಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ತಿಳಿಸುತ್ತದೆ. ರೋಗಿಯ ಕರ್ಮವನ್ನು ಅಳೆಯುವುದು ನಮ್ಮ ಕೆಲಸವಲ್ಲ. ಅವನೆದುರು ನಾವೇನು ಮಾಡಿದೆವು ಎಂಬುದಷ್ಟೇ ನಮ್ಮ ಲೆಕ್ಕಕ್ಕೆ ಸೇರುತ್ತದೆ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ, ಅಂದರೆ ಅಸಹ್ಯಪಡದಿರುವುದು. ಉದ್ದಾಯನ ರಾಜನ ಕಥೆ ಅದಕ್ಕೆ ನಿದರ್ಶನ. ದೇವನೊಬ್ಬನು ರೋಗಿಷ್ಠ ಮುನಿಯ ವೇಷದಲ್ಲಿ ಬಂದು, ಉಂಡದ್ದನ್ನು ದಂಪತಿಯ ಮೇಲೆಯೇ ಕಾರಿದಾಗಲೂ ಅರಸನು ಹೇಸಲಿಲ್ಲ. ತಾನು ಬಡಿಸಿದ ಆಹಾರದಲ್ಲಿಯೇ ದೋಷವಿತ್ತೇನೋ ಎಂದು ನೊಂದುಕೊಂಡು ಮುನಿಯನ್ನು ಉಪಚರಿಸಿದನು.

ತುಳುನಾಡಿನಲ್ಲಿ ಬಡಿಸಿದ ಅನ್ನದಲ್ಲಿ ದೋಷ ನಿಜವಾಗಿಯೂ ಇತ್ತು. ಅಜಲು ಪದ್ಧತಿಯ ಹೆಸರಿನಲ್ಲಿ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣಿಸಲಾಗುತ್ತಿತ್ತು. ಕಂಬಳಕ್ಕೆ ಮುನ್ನ ಅವರನ್ನು ಕೋಣಗಳಂತೆ ಓಡಿಸಲಾಗುತ್ತಿತ್ತು. ಇದನ್ನು ನಿಷೇಧಿಸಲು 2000ದಲ್ಲಿ ರಾಜ್ಯವು ಕಾಯ್ದೆಯನ್ನೇ ತರಬೇಕಾಯಿತು. ಕಂಡೂ ಸುಮ್ಮನಿದ್ದವರಲ್ಲಿ ನಾವೂ ಇದ್ದೆವು. ತಲೆಮಾರುಗಳಿಂದ ಅವಮಾನವನ್ನೇ ಉಂಡ ಮನಸ್ಸು ಬಳಲದಿದ್ದೀತೆ? ಅಂಥವರು ಆಸ್ಪತ್ರೆಯ ಬಾಗಿಲಲ್ಲಿ ಹಿಂಜರಿದು ನಿಂತರೆ ಅದನ್ನು ಅವರ ಅಜ್ಞಾನವೆಂದು ಹಳಿಯುವ ಮೊದಲು ಉದ್ದಾಯನನಂತೆ ನಮ್ಮ ಕೈಯನ್ನೇ ನೋಡಿಕೊಳ್ಳಬೇಕು.

ಕಥೆಯ ರೋಗಿ ಮುನಿಯಲ್ಲವೇ ಎಂದು ಕೆಲವರು ಕೇಳಬಹುದು. ಸಮಂತಭದ್ರಾಚಾರ್ಯರು ಸಮ್ಯಗ್ದರ್ಶನವುಳ್ಳವನು ಮಾತಂಗ ಕುಲದವನಾದರೂ ಅವನಲ್ಲಿ ದೇವತ್ವವನ್ನೇ ಕಂಡರು. ಕುಲ ನೋಡಿ ಕರುಣೆಯನ್ನು ಅಳೆಯುವವರಿಗೆ ಆಗಮದ ಆಸರೆಯಿಲ್ಲ.

ಜಾತಿ, ವರ್ಗಗಳ ಭೇದವಿಲ್ಲದೆ ಚಿಕಿತ್ಸೆ ಪಡೆಯುವುದು ಹಕ್ಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಸಾರಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲಿಯೂ ಉಚಿತವಾಗಿ ಕರೆಮಾಡಬಹುದು. ಆದರೆ ಮನೋರೋಗದ ಚಿಕಿತ್ಸೆ ಒಂದು ಭೇಟಿಗೆ ಮುಗಿಯದು. ತಿಂಗಳುಗಟ್ಟಲೆ ಮಾತ್ರೆ ಬೇಕು, ಮತ್ತೆ ಮತ್ತೆ ವೈದ್ಯರನ್ನು ಕಾಣಬೇಕು. ದಿನಗೂಲಿಯವನಿಗೆ ಪ್ರತಿ ಭೇಟಿಯೂ ಒಂದು ದಿನದ ಅನ್ನದ ನಷ್ಟ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಮ್ಮ ಬಸದಿಗಳು ಇಲ್ಲಿಯೇ ಕೈಜೋಡಿಸಬಹುದು. ರೋಗಿಗೂ ಜೊತೆಗೆ ಬರುವವರಿಗೂ ಬಸ್ಸಿನ ಖರ್ಚು, ಅಂದಿನ ಕೂಲಿ ಕೊಡುವುದು ದೊಡ್ಡ ಹೊರೆಯಲ್ಲ. ಅದಕ್ಕಿಂತ ಮುಖ್ಯವಾಗಿ, ಸರತಿಯಲ್ಲಿ ಅವರ ಪಕ್ಕದಲ್ಲಿ ನಮ್ಮವರೊಬ್ಬರು ಕುಳಿತಿರಬೇಕು. ಇಲ್ಲಿ ಯಾರೂ ತನ್ನನ್ನು ಹೀಗಳೆಯಲಾರರು ಎಂಬ ಧೈರ್ಯ ರೋಗಿಗೆ ಹುಟ್ಟಿದರೆ, ಔಷಧದಾನದೊಡನೆ ಅಭಯದಾನವೂ ಸಂದಂತಾಗುತ್ತದೆ. ಬರುವ ದಶಲಕ್ಷಣ ಪರ್ವದಲ್ಲಿ ಈ ಸಂಕಲ್ಪವನ್ನು ಕೈಗೊಳ್ಳೋಣ.