ಸಾವಿಗೆ ವಿಳಂಬವೇ ಕಾರಣವಾಗದಿರಲಿ

2014ರಿಂದ 2016ರವರೆಗೆ ಪಶ್ಚಿಮ ಆಫ್ರಿಕದಲ್ಲಿ ಎಬೋಲಾ ಹನ್ನೊಂದು ಸಾವಿರಕ್ಕೂ ಅಧಿಕ ಮಂದಿಯನ್ನು ಬಲಿ ಪಡೆದಾಗ ಜಗತ್ತೇ ಬೆಚ್ಚಿಬಿತ್ತು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಪ್ರಯಾಣಿಕರ ತಪಾಸಣೆ ನಡೆಯಿತು. ಆದರೆ ರಕ್ತಸ್ರಾವ ತರುವ ಜ್ವರಗಳ ಇದೇ ಸಾಲಿಗೆ ಸೇರಿದ ಮಂಗನ ಕಾಯಿಲೆ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲೇ ಪತ್ತೆಯಾಗಿತ್ತು. ಅದು ಸತ್ತರೂ ಸುದ್ದಿಯಾಗದ ಬಡವರ ಕಾಯಿಲೆ. ಆದ್ದರಿಂದಲೇ ಅದರ ಕುರಿತು ಅಂಥ ಗಾಬರಿ ಯಾರಿಗೂ ಆಗಲಿಲ್ಲ.

ಇವೆರಡರ ವೈರಾಣು ಬೇರೆ, ಹರಡುವ ಬಗೆಯೂ ಬೇರೆ. ಎಬೋಲಾ ರೋಗಿಯ ರಕ್ತ, ವಾಂತಿ, ಭೇದಿಗಳ ಸ್ಪರ್ಶದಿಂದ ಹರಡುತ್ತದೆ. ಮಂಗನ ಕಾಯಿಲೆ ಕಾಡಿನ ಉಣುಗು ಕಚ್ಚುವುದರಿಂದ ಬರುತ್ತದೆಯೇ ಹೊರತು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದ್ದರಿಂದ ರೋಗಿಯನ್ನು ದೂರವಿಡುವುದು ಅಜ್ಞಾನವಷ್ಟೇ ಅಲ್ಲ, ಅನ್ಯಾಯವೂ ಹೌದು.

ಆದರೆ ಎರಡರ ಆರಂಭವೂ ಒಂದೇ ತೆರ: ಹಠಾತ್ ಜ್ವರ, ತೀವ್ರ ತಲೆನೋವು, ಮೈಕೈ ನೋವು, ಬಳಲಿಕೆ, ವಾಂತಿ, ಭೇದಿ. ಮುಂದೆ ಕೆಲವರಲ್ಲಿ ಮೂಗು, ವಸಡುಗಳಿಂದ ರಕ್ತ ಒಸರುತ್ತದೆ. ಎಬೋಲಾದಲ್ಲಿ ವಯಸ್ಸಾದವರು ಮತ್ತು ಎಳೆಯ ಮಕ್ಕಳಿಗೆ ಅಪಾಯ ಹೆಚ್ಚು. ರಕ್ತದಲ್ಲಿ ವೈರಾಣುವಿನ ಪ್ರಮಾಣ ಅಧಿಕವಿದ್ದವರು, ಮೂತ್ರಪಿಂಡ ಸೋತವರು, ಪ್ರಜ್ಞೆ ಮಸುಕಾದವರು ಬದುಕುಳಿಯುವುದು ಕಷ್ಟ. ಚಿಕಿತ್ಸೆ ತಡವಾದ ಪ್ರತಿ ದಿನವೂ ಸಾವಿನ ಸಾಧ್ಯತೆ ಏರುತ್ತದೆಂಬುದು ಕಾಂಗೋದಲ್ಲಿ 2018-19ರಲ್ಲಿ ನಡೆದ ಔಷಧ ಪ್ರಯೋಗದಿಂದ ಸ್ಪಷ್ಟವಾಯಿತು.

ಮಂಗನ ಕಾಯಿಲೆಯಲ್ಲಿ ಸಾವು ನೂರಕ್ಕೆ ಮೂರರಿಂದ ಐದು. ಆದರೆ ಅದರದ್ದೊಂದು ಮೋಸವಿದೆ. ಜ್ವರ ಇಳಿದು ಒಂದೆರಡು ವಾರಗಳ ಬಳಿಕ ಕೆಲವರಲ್ಲಿ ಅದು ಮರುಕಳಿಸುತ್ತದೆ. ಆಗ ಕುತ್ತಿಗೆ ಸೆಟೆದುಕೊಳ್ಳುತ್ತದೆ, ಕೈಕಾಲು ನಡುಗುತ್ತದೆ, ಬುದ್ಧಿ ಮಂಕಾಗುತ್ತದೆ. 'ಗುಣವಾಯಿತು' ಎಂದು ಕೂಲಿಗೆ ಮರಳಿದವರು ಈ ಹಂತದಲ್ಲಿ ಆಸ್ಪತ್ರೆ ತಲುಪದಿದ್ದರೆ ಪ್ರಾಣಕ್ಕೇ ಸಂಚಕಾರ. ಇದಕ್ಕೆಂದೇ ಮಾತ್ರೆಯಿಲ್ಲ, ದೇಹದ ನೀರು, ರಕ್ತದೊತ್ತಡ ಕಾಯುವ ಆರೈಕೆಯೇ ಮದ್ದು. ಆಸ್ಪಿರಿನ್‌ನಂಥ ನೋವಿನ ಗುಳಿಗೆಯನ್ನು ತಾವೇ ಕೊಂಡು ನುಂಗಿದರೆ ರಕ್ತಸ್ರಾವ ಹೆಚ್ಚೀತು.

ಹರಿಹರದ ಕೊಕ್ಕನೂರಿನಂಥ ಬಯಲಿನ ಊರುಗಳಿಗೆ ಇದರ ಗೊಡವೆ ಏಕೆಂದು ಕೇಳುವವರಿರಬಹುದು. ದಾವಣಗೆರೆ ಜಿಲ್ಲೆಗೆ ಸೇರಿರುವ ಹೊನ್ನಾಳಿ, ಚನ್ನಗಿರಿಗಳು 1997ರವರೆಗೆ ಶಿವಮೊಗ್ಗದ್ದೇ ಭಾಗವಾಗಿದ್ದವು. ಜಿಲ್ಲೆಯ ಗಡಿ ಬದಲಾದರೂ ಜನರ ಓಡಾಟ ನಿಂತಿಲ್ಲ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಮಲೆನಾಡಿನ ಕಾಡಂಚಿನಲ್ಲಿ ದುಡಿದು ಬಂದವರಿಗೆ ಜ್ವರ ಬಂದರೆ, ಹೋಗಿದ್ದ ಜಾಗದ ಹೆಸರನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಆ ಒಂದು ಮಾತು ಜೀವ ಉಳಿಸಬಲ್ಲದು.

ಹೊಣೆ ರೋಗಿಯೊಬ್ಬನದೇ ಅಲ್ಲ. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಸಾವುಗಳ ಸರಣಿಯನ್ನು ನಾಡು ಕಂಡಿತು. ಪರಿಣಾಮ ಸಾಲದೆಂದು ಹಳೆಯ ಲಸಿಕೆಯನ್ನು ಕೈಬಿಡಲಾಯಿತು. 2024ರಲ್ಲಿ ಮತ್ತೆ ಸಾವುಗಳಾದವು. ಅರುವತ್ತಕ್ಕೂ ಹೆಚ್ಚು ವರ್ಷಗಳ ಕಾಯಿಲೆಗೆ ನೆಚ್ಚಬಹುದಾದ ಲಸಿಕೆ ಇಷ್ಟು ತಡವಾದುದೇಕೆ? ದರಗು ಗುಡಿಸುವವರು, ದನ ಮೇಯಿಸುವವರು ಔಷಧ ಕಂಪೆನಿಗಳಿಗೆ ಲಾಭದ ಗಿರಾಕಿಗಳಲ್ಲ ಎಂಬುದೇ ಕಾರಣವಾಗಿದ್ದರೆ, ಆ ಕೊರತೆಯನ್ನು ತುಂಬಬೇಕಾದುದು ಸರಕಾರ. ತಾಲೂಕು ಮಟ್ಟದಲ್ಲೇ ಶೀಘ್ರ ತಪಾಸಣೆ, ಆಂಬುಲೆನ್ಸ್, ಉಚಿತ ಚಿಕಿತ್ಸೆ ದೊರೆಯಬೇಕು. ಇದು ದಯೆಯ ಮಾತಲ್ಲ, ಹಕ್ಕಿನ ಮಾತು.