ಸೊನ್ನೆಯ ತಿಕೀಟು

ಬಸ್ಸಿನಲ್ಲಿ ಹೆಂಗಸರಿಗೆ ಕೊಡುವ ಶೂನ್ಯ ದರದ ತಿಕೀಟನ್ನು ಕುರಿತು ನಮ್ಮ ಭಾಗದಲ್ಲಿ ಎರಡು ಬಗೆಯ ತಾತ್ಸಾರ ಬೆಳೆದಿದೆ. ಗಂಡಸರಲ್ಲಿ ಕೆಲವರು ಅದನ್ನು ಕಂಡು ನಗುತ್ತಾರೆ. ನಮ್ಮವರೇ ಕೆಲವರು ಇಸಿದುಕೊಂಡ ಮರುಕ್ಷಣವೇ ಕಿಟಕಿಯಾಚೆ ತೂರುತ್ತಾರೆ. ಹಣ ಕೊಡದ ಕಾಗದಕ್ಕೆ ಬೆಲೆಯೇನು ಎಂಬುದೇ ಇಬ್ಬರ ಎಣಿಕೆ. ಈ ಎಣಿಕೆ ತಪ್ಪೆಂದು ನನ್ನ ಮತ.

ಶಕ್ತಿ ಯೋಜನೆ ಆರಂಭವಾದದ್ದು 2023ರ ಜೂನ್ 11ರಂದು. ರಾಜ್ಯದ ನಿವಾಸಿ ಎಂಬುದಕ್ಕೆ ಗುರುತಿನ ಚೀಟಿ ತೋರಿಸಬೇಕು, ತಿಕೀಟು ಪಡೆಯಬೇಕು, ಇಳಿಯುವವರೆಗೆ ಇಟ್ಟುಕೊಳ್ಳಬೇಕು. ರಾಜಹಂಸ, ಐರಾವತಗಳಿಗೂ ಹೊರರಾಜ್ಯಕ್ಕೆ ಹೋಗುವ ಬಸ್ಸುಗಳಿಗೂ ಅದು ಸಲ್ಲದು. 2025ರ ಜುಲೈ ತಿಂಗಳಲ್ಲಿ ಇಂಥ ತಿಕೀಟುಗಳ ಸಂಖ್ಯೆ 500 ಕೋಟಿ ಮುಟ್ಟಿತು. ಹೆಂಗಸರು ನಿಜವಾಗಿ ಕ್ರಮಿಸಿದ ದೂರವನ್ನು ಲೆಕ್ಕ ಹಿಡಿದು ಸರಕಾರವು ಸಾರಿಗೆ ಸಂಸ್ಥೆಗಳಿಗೆ ಹಣ ತುಂಬಿಕೊಡಬೇಕೆಂಬುದು ಯೋಜನೆಯ ಕರಾರು. ಆ ಲೆಕ್ಕ ಹುಟ್ಟುವುದು ಕಂಡಕ್ಟರರ ಯಂತ್ರದಲ್ಲಿ. ಅಂದಮೇಲೆ ಅದು ಬರಿಯ ಸೊನ್ನೆಯಲ್ಲ, ಸರಕಾರದ ಮೇಲೆ ಬರೆದ ಹುಂಡಿ.

ಇದು ನಮ್ಮಲ್ಲಿಯದಷ್ಟೇ ಕಟ್ಟಳೆಯಲ್ಲ. ಯುರೋಪಿನಲ್ಲಿ ಒಂದೇ ಪಾಸಿನಿಂದ ಹಲವು ದೇಶಗಳ ರೈಲು ಹತ್ತಬಹುದು. ಹೊರಗಿನಿಂದ ಬಂದವರಿಗೆ 1959ರಿಂದ ಯುರೇಲ್ ಪಾಸು, ಅಲ್ಲಿಯವರಿಗೆ 1972ರಿಂದ ಇಂಟರ್‌ರೇಲ್. ಈಗ 33 ದೇಶಗಳು ಅದರಲ್ಲಿ ಸೇರಿವೆ. ಕಾಗದದ ಪಾಸಿನೊಡನೆ ಒಂದು ಹಾಳೆಯಿರುತ್ತಿತ್ತು. ಗಾಡಿ ಹತ್ತುವ ಮೊದಲು ದಿನಾಂಕ, ಹೊರಡುವ ಊರು, ಸೇರುವ ಊರು ಅದರಲ್ಲಿ ಬರೆಯಲೇಬೇಕು. ಬರೆಯದವನು ಪಾಸಿಗೆ ಸಾವಿರಗಟ್ಟಲೆ ತೆತ್ತಿದ್ದರೂ ದಂಡಕ್ಕೆ ಗುರಿ. ಈಗ ಅದೇ ಕೆಲಸ ಮೊಬೈಲಿನಲ್ಲಿ ನಡೆಯುತ್ತದೆ. ಪ್ರಯಾಣಿಕನು ಒಮ್ಮೆ ಕೊಟ್ಟ ಹಣ ಹಲವು ರೈಲ್ವೆಗಳಿಗೆ ಹಂಚಿಕೆಯಾಗಬೇಕಷ್ಟೆ! ಅವನು ಎಲ್ಲಿಂದ ಎಲ್ಲಿಗೆ ಹೋದನೆಂದು ತಿಳಿಯದೆ ಹಂಚುವುದು ಹೇಗೆ? ಅಲ್ಲಿಯ ಸಿರಿವಂತ ಪ್ರವಾಸಿಯೂ ಹಿರೇಕೆರೂರಿನ ಕೂಲಿಯ ಹೆಣ್ಣುಮಗಳೂ ಈ ಒಂದು ವಿಷಯದಲ್ಲಿ ಸರಿಸಮಾನರು.

ನಮಗಂತೂ ಬಸ್ಸೇ ಗತಿ. ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಪಟ್ಟಣಗಳಿಗೆ ರೈಲು ಬಂದಿಲ್ಲ. ಸವಣೂರ ತಾಲೂಕಿನವರಿಗೆ ಯಲವಿಗಿ ನಿಲ್ದಾಣವಿದೆಯೆಂಬುದೊಂದು ಸಮಾಧಾನ. ತಿಳವಳ್ಳಿಯಿಂದ ಹಾನಗಲ್ಲಿಗೆ, ಹಂಸಭಾವಿಯಿಂದ ಹಿರೇಕೆರೂರಿಗೆ, ಬಂಕಾಪುರದಿಂದ ಶಿಗ್ಗಾವಿಗೆ ಓದಲು ಬರುವ ಹುಡುಗಿಯರಿಗೆ ಮುಂಜಾನೆಯ ಒಂದು ಬಸ್ಸು ತಪ್ಪಿದರೆ ಆ ದಿನದ ಪಾಠವೇ ತಪ್ಪಿದಂತೆ. ಅಂಥ ಬಸ್ಸು ತುಂಬಿ ಬರುತ್ತದೋ ಬರಿದಾಗಿ ಬರುತ್ತದೋ ಎಂಬುದಕ್ಕೆ ಮೇಲಿನವರ ಬಳಿ ಇರುವ ಸಾಕ್ಷಿ ತಿಕೀಟಿನ ಲೆಕ್ಕವೇ. ಬಾಗಿಲಲ್ಲಿ ಜೋತುಬಿದ್ದ ಹದಿನೈದು ಮಂದಿ ಕಾಗದದ ಮೇಲೆ ಇಲ್ಲದಿದ್ದರೆ ಅವರು ಬಸ್ಸಿನಲ್ಲಿಯೂ ಇರಲಿಲ್ಲವೆಂದೇ ಅರ್ಥ.

ಇಲ್ಲದುದನ್ನು ಬರೆಸುವುದೂ ಅಷ್ಟೇ ಕೆಡುಕು. "ಎಲ್ಲಿಗ್ರೀ ಯವ್ವಾ?" ಎಂದು ಕೇಳಿದರೆ "ಈ ಬಸ್ಸು ಎಲ್ಲೀತನಕಾ ಹೊಕ್ಕೈತೋ ಅಲ್ಲೀತನಕಾ ಕೊಡೋ ತಮ್ಮಾ, ರೊಕ್ಕೇನ್ ಕೊಡೂದೈತಿ?" ಎನ್ನುವವರಿದ್ದಾರೆ. ಕೇಳಿದವರೆಲ್ಲ ನಗುತ್ತಾರೆ, ನಾನೂ ನಕ್ಕಿದ್ದೇನೆ. ಆದರೆ ಬಂಕಾಪುರದಲ್ಲಿ ಇಳಿಯುವ ಮುದುಕಿಯ ಹೆಸರಿನಲ್ಲಿ ಹುಬ್ಬಳ್ಳಿಯವರೆಗೆ ಲೆಕ್ಕ ಬಿದ್ದರೆ, ಆ ಹೆಚ್ಚಿನ ಹಣ ಯಾರ ಗಂಟು? ಜನರ ತೆರಿಗೆಯದೇ.

ಇನ್ನು ನಗುವ ಗಂಡಸರ ಮಾತು. "ಪುಕ್ಕಟೆ ಮಂದಿ" ಎಂದು ಸೀಟಿಗಾಗಿ ಜಗಳ ತೆಗೆಯುವ ಮಹನೀಯರು, ಅರ್ಧ ಆಸನಗಳು ಗಂಡಸರಿಗೆ ಮೀಸಲೆಂದು ಅದೇ ಯೋಜನೆಯಲ್ಲಿ ಬರೆದಿರುವುದನ್ನು ಮರೆತಿರುತ್ತಾರೆ. ನಿಯಮವನ್ನು ಓದಿಕೊಂಡವರಿಗೆ ಜಗಳದ ಅವಶ್ಯಕತೆ ಕಡಿಮೆ.

ನಿಯಮವನ್ನು ನಡೆಸುವವರ ನಾಲಗೆಯ ಬಗೆಗೆ ಮಾತ್ರ ನನ್ನ ತಕರಾರಿದೆ. ಗುರುತಿನ ಚೀಟಿಯನ್ನು ಸೆರಗಿನ ಗಂಟಿನಿಂದ ಬಿಚ್ಚುವುದಕ್ಕೆ ವಯಸ್ಸಾದವರಿಗೆ ತುಸು ಹೊತ್ತು ಹಿಡಿಯುತ್ತದೆ. ಅಷ್ಟಕ್ಕೇ ಗದರಿಸಬೇಕೆಂದು ಯಾವ ಆದೇಶದಲ್ಲಿಯೂ ಇಲ್ಲ. ಕಂಡಕ್ಟರರಿಗೂ ನಿಂತಲ್ಲೇ ಅರವತ್ತು ಮಂದಿಗೆ ಹರಿದು ಕೊಡುವ ಪಾಡಿದೆ, ಒಪ್ಪುತ್ತೇನೆ. ಪಕ್ಕದಲ್ಲಿ ಕುಳಿತ ನಾವು ಕಾಲೇಜಿನ ಹುಡುಗಿಯರು ಪುಸ್ತಕದಿಂದ ತಲೆಯೆತ್ತಿ, ಅಜ್ಜಿಯ ಗಂಟು ಬಿಚ್ಚಿಕೊಟ್ಟು, ಆಕೆ ಇಳಿಯುವ ಊರನ್ನು ಸರಿಯಾಗಿ ಹೇಳಿಸಿದರೆ ಬಸ್ಸು ಮುಂದಿನ ನಿಲ್ದಾಣ ಮುಟ್ಟುವುದರೊಳಗೆ ಕೆಲಸ ಮುಗಿಯುತ್ತದೆ.